ಶಿವಶರಣೆಯರು: ಸ್ತುತಿಯೂ ವಿಮರ್ಶೆಯೂ

ದವನದ ಹುಣ್ಣಿಮೆ ಬಂದಿತೆಂದರೆ ನಾಡಿನ ಮಠಮಾನ್ಯಗಳಲ್ಲಿ ಮಹಾದೇವಿಯಕ್ಕನವರ ಜಯಂತಿ ಸಂಭ್ರಮದಿಂದ ನಡೆಯುತ್ತದೆ. ಅದಕ್ಕೆ ಕೆಲವು ದಿನಗಳ ಮೊದಲು, ಮಾರ್ಚ್ 8ರಂದು, ಶಾಲೆ ಕಾಲೇಜುಗಳಲ್ಲಿಯೂ ಸಂಘಸಂಸ್ಥೆಗಳಲ್ಲಿಯೂ ಮಹಿಳಾ ದಿನಾಚರಣೆ ಜರುಗಿರುತ್ತದೆ. ಎರಡೂ ಸಮಾರಂಭಗಳಲ್ಲಿ ಕೇಳಿಬರುವ ಮಾತುಗಳು ಹೆಚ್ಚುಕಡಿಮೆ ಒಂದೇ. ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಶರಣರು ಸ್ತ್ರೀಗೆ ಸಮಾನತೆಯನ್ನಿತ್ತರು, ಅನುಭವಮಂಟಪದಲ್ಲಿ ಆಕೆಯನ್ನು ಕುಳ್ಳಿರಿಸಿದರು, ಜಗತ್ತು ಇಂದು ಹೇಳುತ್ತಿರುವುದನ್ನು ನಾವು ಅಂದೇ ಮಾಡಿ ತೋರಿಸಿದೆವು ಎಂಬುದು ಆ ಭಾಷಣಗಳ ಸಾರಾಂಶ. ಈ ಮಾತಿನಲ್ಲಿ ಸತ್ಯವಿಲ್ಲವೆಂದು ಯಾರೂ ಹೇಳಲಾರರು. ಆದರೆ ಸತ್ಯವಾದ ಮಾತೂ ಪದೇ ಪದೇ ಉಚ್ಚರಿಸಲ್ಪಟ್ಟು, ಆಚರಣೆಯಿಂದಲೂ ಅಧ್ಯಯನದಿಂದಲೂ ದೂರವಾದಾಗ, ಆತ್ಮಸಂತೋಷದ ಸಾಧನವಾಗಿಬಿಡುತ್ತದೆ. ಆದುದರಿಂದ ವಾಚಕರ ಮುಂದೆ ಒಂದು ಪ್ರಶ್ನೆಯನ್ನಿಡುವುದು ಪ್ರಕೃತ ಲೇಖನದ ಉದ್ದೇಶ: ನಾವು ಶರಣೆಯರನ್ನು ಸ್ತುತಿಸುತ್ತೇವೆ, ನಿಜ, ಅವರನ್ನು ಓದುತ್ತೇವೆಯೇ?

ಸ್ತುತಿ ಬೇರೆ, ವಿಮರ್ಶೆ ಬೇರೆ. ಸ್ತುತಿಯಲ್ಲಿ ಕೈ ಮುಗಿದರೆ ಸಾಕು. ವಿಮರ್ಶೆಯಲ್ಲಿ ಮಾತನ್ನು ಕೇಳಬೇಕು, ತೂಗಬೇಕು, ಒಪ್ಪದಿದ್ದರೆ ಒಪ್ಪುವುದಿಲ್ಲವೆಂದು ಕಾರಣಸಹಿತ ಹೇಳಬೇಕು. ಯಾರನ್ನು ನಾವು ನಿಜವಾಗಿ ಸಮಾನರೆಂದು ಭಾವಿಸುತ್ತೇವೆಯೋ ಅವರ ಮಾತನ್ನು ಮಾತ್ರ ಹೀಗೆ ತೂಗುತ್ತೇವೆ. ಬಸವಣ್ಣನವರ ಭಕ್ತಿಸಿದ್ಧಾಂತ, ಅಲ್ಲಮಪ್ರಭುಗಳ ಶೂನ್ಯತತ್ತ್ವ, ಚೆನ್ನಬಸವಣ್ಣನವರ ಷಟ್‍ಸ್ಥಲ ವಿವೇಚನೆ ಇವುಗಳ ಮೇಲೆ ನಮ್ಮಲ್ಲಿ ಗ್ರಂಥಗಳೇ ಇವೆ. ಪಂಡಿತರಲ್ಲಿ ವಾದವಿವಾದಗಳೂ ನಡೆದಿವೆ. ಅಕ್ಕಮ್ಮನವರ ಆಚಾರಮೀಮಾಂಸೆಯ ಮೇಲಾಗಲಿ, ಅಮುಗೆ ರಾಯಮ್ಮನವರ ನಿಷ್ಠುರ ವಿಮರ್ಶೆಯ ಮೇಲಾಗಲಿ ಅಂಥ ವಾದವೊಂದು ನಮ್ಮ ಗೋಷ್ಠಿಗಳಲ್ಲಿ ಬಿಸಿಯೇರಿದುದು ಅಪರೂಪ.

ಸಾಮಗ್ರಿಯ ಅಭಾವದಿಂದ ಹೀಗಾಯಿತೆಂದು ಹೇಳುವಂತಿಲ್ಲ. ಡಾ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು, 1926ರಿಂದ ‘ಶಿವಾನುಭವ’ ಪತ್ರಿಕೆಯ ಮೂಲಕ ತಾಳೆಗರಿಗಳಲ್ಲಿ ಅಡಗಿದ್ದ ಶರಣಸಾಹಿತ್ಯವನ್ನು ಮನೆಮನೆಗೆ ಮುಟ್ಟಿಸಿದರು. 1993ರಲ್ಲಿ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ನಿರ್ದೇಶನಾಲಯವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿದಾಗ, ಡಾ. ವೀರಣ್ಣ ರಾಜೂರರು ಸಂಪಾದಿಸಿದ ಐದನೆಯ ಸಂಪುಟವು ಸಂಪೂರ್ಣವಾಗಿ ಶಿವಶರಣೆಯರಿಗೇ ಮೀಸಲಾಯಿತು. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ಅಲ್ಲಿದ್ದಾರೆ. ಮಹಾದೇವಿಯಕ್ಕನವರ ವಚನಗಳು 400ಕ್ಕೂ ಮಿಗಿಲು. ಅಕ್ಕಮ್ಮ, ಅಮುಗೆ ರಾಯಮ್ಮ, ಹಡಪದ ಲಿಂಗಮ್ಮ ಇವರಲ್ಲಿ ಪ್ರತಿಯೊಬ್ಬರ ವಚನಗಳೂ ನೂರನ್ನು ಮೀರುತ್ತವೆ. ಒಂದು ಕಾಲಘಟ್ಟದಲ್ಲಿ, ಒಂದು ದೇಶಭಾಷೆಯಲ್ಲಿ, ಸಮಾಜದ ನಾನಾ ಸ್ತರಗಳಿಂದ ಬಂದ ಇಷ್ಟು ಮಂದಿ ಸ್ತ್ರೀಯರು ತಮ್ಮ ಅನುಭವವನ್ನು ತಾವೇ ನುಡಿದಿರುವುದು ಸಾಮಾನ್ಯ ಸಂಗತಿಯಲ್ಲ. ನೂಲುವವರು, ಕುಟ್ಟುವವರು, ಕಸಗುಡಿಸುವವರು, ಧೂಪ ಹಿಡಿಯುವವರು, ಅರಮನೆಯನ್ನು ಬಿಟ್ಟು ಬಂದವರು ಎಲ್ಲರೂ ಅಲ್ಲಿದ್ದಾರೆ. ಗ್ರಂಥವು ಕಪಾಟಿನಲ್ಲಿದೆ. ಓದುವ ಕ್ರಮದಲ್ಲಿಯೇ ದೋಷವಿದೆ.

ಆ ದೋಷ ಮೂರು ಬಗೆಯದು. ಮೊದಲನೆಯದು ಹೆಸರಿಗೆ ಸಂಬಂಧಿಸಿದುದು. ವಚನಸಂಕಲನಗಳನ್ನು ತೆರೆದು ನೋಡಿರಿ. ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ’, ‘ಹಡಪದಪ್ಪಣ್ಣಗಳ ಪುಣ್ಯಸ್ತ್ರೀ ಲಿಂಗಮ್ಮ’ ಎಂಬ ರೀತಿಯ ಶೀರ್ಷಿಕೆಗಳು ಸಾಲಾಗಿ ಬರುತ್ತವೆ. ಒಬ್ಬ ಶರಣೆಯಂತೂ ‘ಗಜೇಶ ಮಸಣಯ್ಯಗಳ ಪುಣ್ಯಸ್ತ್ರೀ’ ಎಂದಷ್ಟೇ ದಾಖಲಾಗಿದ್ದಾರೆ. ಅಲ್ಲಿ ವಚನವುಂಟು, ಅಂಕಿತವುಂಟು, ನುಡಿದ ತಾಯಿಯ ಹೆಸರಿಲ್ಲ. ಪುಣ್ಯಸ್ತ್ರೀ ಎಂಬುದು ಗೌರವದ ಪದವಲ್ಲವೇ ಎಂದು ಭಕ್ತರು ಕೇಳಬಹುದು. ಗೌರವದ ಪದವೇ ಹೌದು. ಆದರೆ ಇದೇ ಸಂಕಲನಗಳಲ್ಲಿ ಯಾವ ಶರಣನನ್ನಾದರೂ ‘ಲಕ್ಕಮ್ಮನವರ ಪುಣ್ಯಪುರುಷ ಮಾರಯ್ಯ’ ಎಂದು ಕರೆದಿರುವುದುಂಟೇ? ಗೌರವವು ಒಂದೇ ದಿಕ್ಕಿಗೆ ಹರಿದರೆ ಅದು ಸಮಾನತೆಯಾಗದು.

ಇನ್ನೊಂದು ಆಕ್ಷೇಪವೂ ಬರಬಹುದು. ಶರಣೆಯರೇ ತಮ್ಮ ಅಂಕಿತಗಳಲ್ಲಿ ಪತಿಯ ಹೆಸರನ್ನು ಸೇರಿಸಿಕೊಂಡಿದ್ದಾರಲ್ಲ? ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’, ಲಿಂಗಮ್ಮನವರದು ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅಂಕಿತವನ್ನು ಆಯ್ದುಕೊಂಡವರು ಸ್ವತಃ ಶರಣೆಯರು. ಅದು ಸಹಧರ್ಮದ ಪ್ರೀತಿಯ ಗುರುತು. ಶೀರ್ಷಿಕೆಯನ್ನು ಕೊಟ್ಟವರು ಬೇರೆಯವರು. ಅದು ವರ್ಗೀಕರಣದ ಸೌಕರ್ಯ. ಮಾರಯ್ಯನವರ ಹೆಸರನ್ನು ಅಂಕಿತದಲ್ಲಿ ಹೊತ್ತ ವಚನಗಳಲ್ಲಿಯೇ ಲಕ್ಕಮ್ಮನವರು ಮಾರಯ್ಯನವರನ್ನು ತಿದ್ದುತ್ತಾರೆ. ಪ್ರೀತಿಯೆಂದರೆ ಅಧೀನತೆಯಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ನಮ್ಮ ವ್ಯಾಕರಣದಲ್ಲಿಯೂ ಈ ದೋಷ ನುಸುಳಿದೆ. ವೇದಿಕೆಯ ಮೇಲೆ ಒಂದೇ ಉಸಿರಿನಲ್ಲಿ ‘ಬಸವಣ್ಣನವರು ಹೇಳಿದರು’ ಎನ್ನುತ್ತೇವೆ, ‘ಲಕ್ಕಮ್ಮ ಹೇಳಿದಳು’ ಎನ್ನುತ್ತೇವೆ. ಕನ್ನಡದಲ್ಲಿ ಏಕವಚನವು ಆತ್ಮೀಯತೆಯನ್ನೂ ಸೂಚಿಸುತ್ತದೆ. ತಾಯಿಯನ್ನೂ ದೇವರನ್ನೂ ನಾವು ಹಾಗೆಯೇ ಕರೆಯುತ್ತೇವೆ. ಆದರೂ ಒಂದೇ ವಾಕ್ಯದಲ್ಲಿ ಪುರುಷನಿಗೆ ಬಹುವಚನ, ಸ್ತ್ರೀಗೆ ಏಕವಚನ ಬಂದಾಗ ಕೇಳುವ ಮಕ್ಕಳ ಮನಸ್ಸಿನಲ್ಲಿ ಯಾವ ಸಂಸ್ಕಾರ ಮೂಡುತ್ತದೆಂಬುದನ್ನು ಯೋಚಿಸಬೇಕು. ಈ ಕಾರಣದಿಂದಲೇ ಈ ಲೇಖನದಲ್ಲಿ ಎಲ್ಲ ಶರಣ ಶರಣೆಯರನ್ನೂ ಒಂದೇ ಗೌರವವಚನದಿಂದ ಸ್ಮರಿಸಲಾಗಿದೆ.

ಎರಡನೆಯ ದೋಷವೆಂದರೆ ಮಹಾದೇವಿಯಕ್ಕನವರನ್ನು ಅಪವಾದವನ್ನಾಗಿ ಮಾಡಿರುವುದು. ಅವರ ಮಹತ್ತಿನ ಬಗ್ಗೆ ಎರಡು ಮಾತಿಲ್ಲ. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಹೊರತಂದ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಲ್ಲಮರೊಂದಿಗೆ ಅಕ್ಕನವರನ್ನೂ ಆಯ್ದುಕೊಂಡರು. ಅಂದಿನಿಂದ ಅವರ ಕೀರ್ತಿ ಸಮುದ್ರದಾಚೆಗೂ ಹಬ್ಬಿತು. ಅದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಒಬ್ಬರನ್ನು ಶಿಖರದ ಮೇಲೆ ಕುಳ್ಳಿರಿಸಿ ಉಳಿದವರನ್ನು ‘ಇತರ ಶರಣೆಯರು’ ಎಂಬ ಒಂದೇ ಅಧ್ಯಾಯದಲ್ಲಿ ಮುಗಿಸಿಬಿಡುವ ಪರಿಪಾಠ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಬೆಳೆದಿದೆ. ಇದರಿಂದಾಗುವ ಹಾನಿ ಸಣ್ಣದಲ್ಲ. ಅಕ್ಕನವರು ಅಲೌಕಿಕರು, ಅವರಂತೆ ಆಗುವುದು ಸಾಮಾನ್ಯ ಗೃಹಿಣಿಗೆ ಸಾಧ್ಯವಿಲ್ಲ ಎಂದೊಮ್ಮೆ ತೀರ್ಮಾನಿಸಿದರೆ, ಸಾಮಾನ್ಯ ಗೃಹಿಣಿಯಿಂದ ಯಾವ ಚಿಂತನೆಯನ್ನೂ ನಿರೀಕ್ಷಿಸಬೇಕಾಗಿಲ್ಲವೆಂಬ ನಿಶ್ಚಿಂತೆ ನಮಗೆ ಬಂದುಬಿಡುತ್ತದೆ. ಶರಣೆಯರಲ್ಲಿ ಬಹುಮಂದಿ ಸಂಸಾರದಲ್ಲಿದ್ದವರು, ಕಾಯಕದಲ್ಲಿದ್ದವರು. ಅವರನ್ನು ಮರೆತರೆ ಇಂದಿನ ತಾಯಂದಿರಿಗೆ ಹತ್ತಿರದ ದಾರಿಯನ್ನೇ ಮುಚ್ಚಿದಂತಾಯಿತು.

ಮೂರನೆಯ ದೋಷ ಇನ್ನೂ ಸೂಕ್ಷ್ಮವಾದುದು. ಶರಣೆಯರ ತ್ಯಾಗ, ಪಾತಿವ್ರತ್ಯ, ದಾಸೋಹನಿಷ್ಠೆಗಳನ್ನು ಕೊಂಡಾಡುತ್ತೇವೆ; ಅವರ ತರ್ಕವನ್ನು ಬಿಟ್ಟುಬಿಡುತ್ತೇವೆ. ಇದಕ್ಕೆ ಶೂನ್ಯಸಂಪಾದನೆಯನ್ನು ನಾವು ಓದುವ ರೀತಿಯೇ ಸಾಕ್ಷಿ. ಗೂಳೂರ ಸಿದ್ಧವೀರಣಾಚಾರ್ಯರ ಸಂಕಲನದಲ್ಲಿ ‘ಆಯ್ದಕ್ಕಿ ಮಾರಯ್ಯಗಳ ಸಂಪಾದನೆ’ ಎಂಬ ಪ್ರಕರಣವಿದೆ. ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಾಗ, ಇದು ಭಕ್ತಿಯಲ್ಲ, ಆಸೆ. ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬನ್ನಿರೆಂದು ಹಿಂದಿರುಗಿಸಿದವರು ಲಕ್ಕಮ್ಮನವರು. ಈ ಕಥೆಯನ್ನು ಹೇಳುವಾಗ ನಾವು ‘ಎಂಥ ಸಾಧ್ವಿ, ಎಂಥ ಅಲ್ಪತೃಪ್ತಿ’ ಎಂದು ಮುಗಿಸುತ್ತೇವೆ. ಆದರೆ ಇಲ್ಲಿ ನಡೆದುದು ಒಂದು ತಾತ್ತ್ವಿಕ ತಿದ್ದುಪಡಿ. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ ಮಹಾಸೂತ್ರ ಮಾರಯ್ಯನವರದು. ಬಹುಮಂದಿ ಅದನ್ನು ಬಸವಣ್ಣನವರದೆಂದು ಭಾವಿಸಿದ್ದಾರೆ. ಆ ಸೂತ್ರಕ್ಕೆ ಮಿತಿಯನ್ನು ಕಟ್ಟಿದವರು ಲಕ್ಕಮ್ಮನವರು. ಅಗತ್ಯವನ್ನು ಮೀರಿ ಕೂಡಿಟ್ಟ ಕ್ಷಣದಲ್ಲಿ ಕಾಯಕವು ಕಾಯಕವಾಗಿ ಉಳಿಯುವುದಿಲ್ಲ ಎಂಬ ಅವರ ನಿಲುವಿಲ್ಲದಿದ್ದರೆ, ಆ ಮಹಾಸೂತ್ರವನ್ನು ಧನಸಂಚಯಕ್ಕೂ ಸಮರ್ಥನೆಯಾಗಿ ಬಳಸಬಹುದಾಗಿತ್ತು. ಇಂದು ಹಲವರು ಹಾಗೆ ಬಳಸುತ್ತಿರುವುದನ್ನೂ ಕಾಣುತ್ತೇವೆ. ಕಾಯಕತತ್ತ್ವವು ಆ ದಂಪತಿಗಳಿಬ್ಬರ ಸಂಯುಕ್ತ ಸೃಷ್ಟಿ. ಪ್ರಕರಣದ ಹೆಸರಿನಲ್ಲಿ ಮಾತ್ರ ಒಬ್ಬರೇ ಇದ್ದಾರೆ.

ಮೋಳಿಗೆಯ ಮಹಾದೇವಿಯವರ ವಿಷಯವೂ ಹೀಗೆಯೇ. ಕಾಶ್ಮೀರದ ರಾಜಪದವಿಯನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಕೊಂಡ ದಂಪತಿಗಳ ಕಥೆ ನಮ್ಮಲ್ಲಿ ಮನೆಮಾತು. ಬಸವಣ್ಣನವರು ಐಕ್ಯರಾದ ಬಳಿಕ ಮಾರಯ್ಯನವರು ತಾವೂ ಐಕ್ಯವಾಗಬೇಕೆಂದು ತವಕಿಸಿದಾಗ, ಹೋಗುವುದಕ್ಕೆ ಬೇರೆ ಸ್ಥಳವೆಂಬುದು ಇದೆಯೇ ಎಂದು ಕೇಳಿದವರು ಮಹಾದೇವಿಯವರು. ಐಕ್ಯವೆಂಬುದು ಪ್ರಯಾಣವಲ್ಲ, ಇದ್ದಲ್ಲಿಯೇ ಅರಿಯುವ ಅರಿವು ಎಂಬುದು ಅವರ ವಾದದ ತಿರುಳು. ಇಲ್ಲಿ ಅವರು ಗುರುಸ್ಥಾನದಲ್ಲಿದ್ದಾರೆ, ಪತಿಯು ಶಿಷ್ಯಸ್ಥಾನದಲ್ಲಿದ್ದಾರೆ. ಆದರೂ ಆ ಪ್ರಕರಣ ‘ಮೋಳಿಗಯ್ಯಗಳ ಸಂಪಾದನೆ’ಯಾಗಿಯೇ ಉಳಿದಿದೆ. ಮುಕ್ತಾಯಕ್ಕನವರ ಹೆಸರಿನ ಪ್ರಕರಣವಿದೆಯೆಂಬುದು ಸಮಾಧಾನದ ಸಂಗತಿ. ಆದರೆ ಅದನ್ನೂ ನಾವು ಅಣ್ಣ ಅಜಗಣ್ಣನವರನ್ನು ಕಳೆದುಕೊಂಡ ತಂಗಿಯ ಶೋಕದ ಕಥೆಯೆಂದು ಓದುತ್ತೇವೆ. ಆ ಶೋಕದ ನಡುವೆಯೇ ಅವರು ಪ್ರಭುದೇವರನ್ನು ನುಡಿ ಮತ್ತು ಮೌನಗಳ ವಿಷಯದಲ್ಲಿ ಪ್ರಶ್ನಿಸಿ, ನುಡಿದು ತೋರಿಸುವ ಅರಿವು ಪೂರ್ಣವಾದ ಅರಿವೇ ಎಂದು ಎದುರು ನಿಂತದ್ದನ್ನು ಮರೆಯುತ್ತೇವೆ. ಕಣ್ಣೀರನ್ನು ನೆನಪಿಟ್ಟು ಪ್ರಶ್ನೆಯನ್ನು ಮರೆಯುವುದು ಎಂಥ ಓದು?

ಇನ್ನು ಅಮುಗೆ ರಾಯಮ್ಮನವರು. ನೇಯ್ಗೆಯ ಕಾಯಕದ ಮನೆಯ ಈ ತಾಯಿ ಅರಿವಿಲ್ಲದೆ ವೇಷ ಧರಿಸಿ ತಿರುಗುವ ಜಂಗಮರನ್ನೂ, ಮಾತಿನಲ್ಲಿ ಮಾತ್ರ ಬ್ರಹ್ಮವನ್ನು ಕಂಡವರನ್ನೂ ಯಾವ ದಾಕ್ಷಿಣ್ಯವೂ ಇಲ್ಲದೆ ಖಂಡಿಸಿದ್ದಾರೆ. ಕಾವಿಯನ್ನುಟ್ಟ ನಮ್ಮಂಥವರು ಮೊದಲು ಓದಬೇಕಾದ ವಚನಗಳವು. ಮಠಗಳ ಗೋಷ್ಠಿಗಳಲ್ಲಿ ಅವು ವಿರಳವಾಗಿ ಕೇಳಿಬರುವುದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಸತ್ಯಕ್ಕನವರು ಅಂಗಳ ಗುಡಿಸುವ ಕಾಯಕದಲ್ಲಿದ್ದುಕೊಂಡೇ ಲಂಚಕ್ಕೆ ಕೈಯೊಡ್ಡೆನೆಂದು, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟೆನೆಂದು ಪ್ರತಿಜ್ಞೆ ಮಾಡಿದರು. ಸಾರ್ವಜನಿಕ ನೀತಿಯ ಬಗ್ಗೆ ಇಷ್ಟು ಖಚಿತವಾದ ಮಾತನ್ನು ನಾವು ಅಧಿಕಾರಿಗಳ ಸಮ್ಮುಖದಲ್ಲಿ ಉದ್ಧರಿಸಬೇಕಾಗಿತ್ತು. ‘ಸ್ತ್ರೀಯರ ವಚನ’ವೆಂದು ಬೇರೆ ಕಟ್ಟಿಟ್ಟಿದ್ದೇವೆ. ಧೂಪದ ಕಾಯಕದ ಗೊಗ್ಗವ್ವೆಯವರಂತೂ ಪ್ರಶ್ನೆಯ ಬುಡಕ್ಕೇ ಕೈಹಾಕಿದ್ದಾರೆ. ದೇಹದ ಗುರುತುಗಳನ್ನು ನೋಡಿ ಜನರು ಹೆಣ್ಣು ಗಂಡೆಂದು ವಿಂಗಡಿಸಬಹುದು, ಆದರೆ ಒಳಗಿರುವ ಜ್ಞಾನಕ್ಕೆ ಆ ವಿಂಗಡಣೆ ಹೊಂದುವುದು ಹೇಗೆ ಎಂಬುದು ಅವರ ಜಿಜ್ಞಾಸೆ. ಸ್ತ್ರೀಸಮಾನತೆಯ ಕುರಿತ ನಮ್ಮ ಎಲ್ಲ ಭಾಷಣಗಳಿಗೂ ಈ ಒಂದು ಪ್ರಶ್ನೆಯೇ ಮೂಲಾಧಾರವಾಗಬೇಕಾಗಿತ್ತು.

ಶರಣಸತಿ ಲಿಂಗಪತಿ ಎಂಬ ಭಾವವನ್ನು ಇಲ್ಲಿ ಕೆಲವರು ಸ್ಮರಿಸಬಹುದು. ಪುರುಷರಾದ ಶರಣರೂ ತಮ್ಮನ್ನು ಸತಿಯೆಂದು ಭಾವಿಸಿ ಲಿಂಗವನ್ನು ಪತಿಯೆಂದು ಒಲಿದರು. ಸ್ತ್ರೀತ್ವಕ್ಕೆ ಇದಕ್ಕಿಂತ ಹೆಚ್ಚಿನ ಮನ್ನಣೆ ಎಲ್ಲಿದೆ ಎಂಬ ವಾದ ಅದು. ಸುಂದರವಾದ ವಾದವೇ ಸರಿ. ಆದರೆ ಭಾವದಲ್ಲಿ ಸತಿಯಾದ ಮಾತ್ರಕ್ಕೆ ಮನೆಯಲ್ಲಿರುವ ಸತಿಯ ಸ್ಥಿತಿ ತಾನಾಗಿಯೇ ಉತ್ತಮಗೊಳ್ಳುವುದಿಲ್ಲ. ಶರಣಧರ್ಮದ ನಿಜವಾದ ಸಾಧನೆ ಇರುವುದು ಉಪಮೆಯಲ್ಲಲ್ಲ, ಆಚರಣೆಯಲ್ಲಿ. ಸ್ತ್ರೀಗೂ ಇಷ್ಟಲಿಂಗದೀಕ್ಷೆಯನ್ನಿತ್ತುದು, ಪಂಚಸೂತಕಗಳನ್ನು ನಿರಾಕರಿಸುವಾಗ ರಜಸ್ಸೂತಕವನ್ನೂ ನಿರಾಕರಿಸಿದುದು ಇವು ಉಪಮೆಗಳಲ್ಲ, ಕ್ರಾಂತಿಗಳು. ಅಂಗೈಯಲ್ಲಿ ಲಿಂಗವಿರುವ ಹೆಣ್ಣುಮಗಳನ್ನು ತಿಂಗಳಿಗೆ ಮೂರು ದಿನ ಹೊರಗೆ ಕೂರಿಸುವ ಮನೆಗಳು ನಮ್ಮ ಭಕ್ತರಲ್ಲಿ ಇಂದಿಗೂ ಇವೆಯೆಂಬುದು ನಿಮಗೂ ತಿಳಿಯದ ವಿಷಯವಲ್ಲ. ಎಂಟುನೂರು ವರ್ಷಗಳ ಹಿಂದಿನ ಸಾಧನೆಯನ್ನು ವೇದಿಕೆಯ ಮೇಲೆ ಕೊಂಡಾಡಿ, ಮನೆಗೆ ಹೋಗಿ ಅದಕ್ಕಿಂತ ಹಿಂದಿನ ಕಾಲದಲ್ಲಿ ಬದುಕಬಾರದು.

ಓದಿನ ಈ ದೋಷ ಗ್ರಂಥಗಳಿಗಷ್ಟೇ ಸೀಮಿತವಾಗಿದ್ದರೆ ಇಷ್ಟು ದೀರ್ಘವಾಗಿ ಬರೆಯುವ ಅಗತ್ಯವಿರಲಿಲ್ಲ. ಹೇಗೆ ಓದುತ್ತೇವೆಯೋ ಹಾಗೆ ಬದುಕುತ್ತೇವೆ. ಕನ್ನಡ ಸಾಹಿತ್ಯ ಸಮ್ಮೇಳನ 1915ರಲ್ಲಿ ಆರಂಭವಾಯಿತು. ಅದರ ಅಧ್ಯಕ್ಷಪೀಠದಲ್ಲಿ ಮೊದಲ ಬಾರಿಗೆ ಸ್ತ್ರೀಯೊಬ್ಬರು ಕುಳಿತುದು 1974ರಲ್ಲಿ, ಮಂಡ್ಯದಲ್ಲಿ ನಡೆದ 48ನೆಯ ಸಮ್ಮೇಳನದಲ್ಲಿ. ಅವರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು. ಮರಾಠಿಯಲ್ಲಿ ಶಿಕ್ಷಣ ಪಡೆದು, ಕನ್ನಡವನ್ನು ಸ್ವಪ್ರಯತ್ನದಿಂದ ಕಲಿತು, ಸಿದ್ಧರಾಮೇಶ್ವರರ ಚರಿತ್ರೆಯನ್ನು ತ್ರಿಪದಿಯಲ್ಲಿ ಮಹಾಕಾವ್ಯವಾಗಿ ರಚಿಸಿದ, ವಚನಗಳನ್ನು ಮರಾಠಿಗೆ ಕೊಂಡೊಯ್ದ ತಾಯಿ ಅವರು. ಅವರ ಅನಂತರ ಶಾಂತಾದೇವಿ ಮಾಳವಾಡ 2000ದಲ್ಲಿ, ಕಮಲಾ ಹಂಪನಾ 2003ರಲ್ಲಿ, ಗೀತಾ ನಾಗಭೂಷಣ 2010ರಲ್ಲಿ ಆ ಪೀಠವನ್ನು ಅಲಂಕರಿಸಿದರು. 2024ರಲ್ಲಿ ಮತ್ತೆ ಮಂಡ್ಯದಲ್ಲಿಯೇ 87ನೆಯ ಸಮ್ಮೇಳನ ನಡೆದಾಗ ಲೆಕ್ಕ ಅಷ್ಟಕ್ಕೇ ನಿಂತಿತ್ತು: 87 ಸಮ್ಮೇಳನಗಳಲ್ಲಿ ನಾಲ್ವರು ಸ್ತ್ರೀಯರು. ಮರುವರ್ಷ, 2025ರಲ್ಲಿ, ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದವು. ಬರೆದವರೂ ಸ್ತ್ರೀ, ಅನುವಾದಿಸಿದವರೂ ಸ್ತ್ರೀ. ಸಾಧನೆಗೆ ಕೊರತೆಯಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ಕೊರತೆಯಿರುವುದು ಪೀಠವನ್ನು ಬಿಟ್ಟುಕೊಡುವ ಮನಸ್ಸಿನಲ್ಲಿ.

ಧರ್ಮಪೀಠಗಳ ಮಾತೂ ಬೇರೆಯಲ್ಲ. 1970ರಲ್ಲಿ ಮಾತೆ ಮಹಾದೇವಿಯವರು ಧಾರವಾಡದ ಅಕ್ಕಮಹಾದೇವಿ ಅನುಭವ ಪೀಠವನ್ನೇರಿ ಜಗದ್ಗುರುವೆನಿಸಿದಾಗ ಸಮಾಜವು ಅಚ್ಚರಿಪಟ್ಟಿತು. ಅವರ ಎಲ್ಲ ನಿಲುವುಗಳನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪಬೇಕಾದ ನಿರ್ಬಂಧವೂ ಇಲ್ಲ. ಸಿದ್ಧಾಂತದೊಡನೆ ಭಿನ್ನಾಭಿಪ್ರಾಯವಿರಲಿ, ಅದು ವಿಮರ್ಶೆಯ ಧರ್ಮ. ಆದರೆ ಹೆಣ್ಣು ಪೀಠವೇರಬಹುದೇ ಎಂಬ ಪ್ರಶ್ನೆಯನ್ನೇ ಎತ್ತಿದವರು ಗೊಗ್ಗವ್ವೆಯವರಿಗೆ ಉತ್ತರ ಹೇಳಬೇಕಾಗುತ್ತದೆ.

ಹಳ್ಳಿಗಳ ಕಡೆಗೆ ದೃಷ್ಟಿ ಹರಿಸೋಣ. ಕರ್ನಾಟಕವು 1983ರ ಕಾಯಿದೆಯ ಮೂಲಕವೇ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ನೂರಕ್ಕೆ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿಯಿಂದ ಅದು ಮೂರನೆಯ ಒಂದು ಭಾಗವಾಯಿತು. 2010ರಲ್ಲಿ ನಮ್ಮ ರಾಜ್ಯದಲ್ಲಿ ಅರ್ಧಕ್ಕೇರಿತು. ಇದು ಅಭಿಮಾನಪಡಬೇಕಾದ ಚರಿತ್ರೆ. ಆದರೆ ಎಷ್ಟೋ ಊರುಗಳಲ್ಲಿ ಅಧ್ಯಕ್ಷೆ ಕುರ್ಚಿಯಲ್ಲಿ ಕುಳಿತಿರುವಾಗ ಪಕ್ಕದಲ್ಲಿ ಪತಿ ಕುಳಿತು ಮಾತನಾಡುತ್ತಾನೆ, ಕಡತ ತಿರುವುತ್ತಾನೆ, ಅಭಿನಂದನೆಯ ಹಾರಕ್ಕೂ ಕೊರಳೊಡ್ಡುತ್ತಾನೆ. ಲಕ್ಕಮ್ಮನವರ ವಾದವನ್ನು ಮಾರಯ್ಯನವರ ಪ್ರಕರಣವೆಂದು ಕರೆದ ಅಭ್ಯಾಸವೇ ಇಲ್ಲಿ ಪಂಚಾಯಿತಿ ಕಚೇರಿಯೊಳಗೆ ಬಂದು ಕುಳಿತಿದೆ. ಆಸ್ತಿಯ ವಿಷಯದಲ್ಲಿಯೂ ಅಷ್ಟೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಭಾಗವನ್ನು ಕರ್ನಾಟಕದ ಶಾಸನ 1994ರಲ್ಲಿಯೂ, ಕೇಂದ್ರದ ಶಾಸನ 2005ರಲ್ಲಿಯೂ ಮಾನ್ಯಮಾಡಿದವು. ಹಾಗಿದ್ದೂ ಮಗಳಿಗೆ ಉಡಿ ತುಂಬಿ, ಸೀರೆ ಕೊಟ್ಟು, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯನ್ನು ಮುಂದೊಡ್ಡಿ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ಎಷ್ಟು ಮನೆಗಳಲ್ಲಿ ನಡೆದಿಲ್ಲ! ಉಡಿ ತುಂಬುವುದು ಮಂಗಳಕಾರ್ಯ. ಒಂದು ಕೈಯಿಂದ ಉಡಿ ತುಂಬಿ ಮತ್ತೊಂದು ಕೈಯಿಂದ ಹಕ್ಕನ್ನು ಕಸಿದುಕೊಳ್ಳುವುದು ಮಂಗಳವೂ ಅಲ್ಲ, ಧರ್ಮವೂ ಅಲ್ಲ. ಶರಣೆಯರನ್ನು ನಾವು ಸ್ತುತಿಸಿ ಓದದೆ ಬಿಟ್ಟುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಆದುದರಿಂದ ಭಕ್ತಮಹಾಶಯರಲ್ಲಿಯೂ, ವಿಶೇಷವಾಗಿ ಮಠದ ನೆರಳಿನಲ್ಲಿ ಓದಿ ಇಂದು ಶಿಕ್ಷಕರಾಗಿ, ಅಧಿಕಾರಿಗಳಾಗಿ, ಸಂಸ್ಥೆಗಳ ಪದಾಧಿಕಾರಿಗಳಾಗಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳಬೇಕಾಗಿದೆ. ನಿಮ್ಮ ಊರಿನ ಮಾಸಿಕ ಶಿವಾನುಭವಗೋಷ್ಠಿಯಲ್ಲಿ ಪ್ರಾರ್ಥನೆಗೂ ಸ್ವಾಗತಕ್ಕೂ ಹೆಣ್ಣುಮಕ್ಕಳನ್ನು ಕರೆಯುತ್ತೀರಿ, ಉಪನ್ಯಾಸಕ್ಕೂ ಕರೆಯಿರಿ. ಅಕ್ಕನ ಜಯಂತಿಗೆ ಮಾತ್ರವಲ್ಲ, ಬಸವಜಯಂತಿಗೂ ಕರೆಯಿರಿ. ಸ್ತ್ರೀಯರು ಸ್ತ್ರೀಯರ ಬಗ್ಗೆಯೇ ಮಾತನಾಡಬೇಕೆಂಬ ಕಟ್ಟಳೆ ಯಾವ ವಚನದಲ್ಲಿಯೂ ಇಲ್ಲ. ಆಕೆ ಆಡಿದ ಮಾತು ಒಪ್ಪಿಗೆಯಾಗದಿದ್ದರೆ ಚಪ್ಪಾಳೆ ತಟ್ಟಿ ಕಳುಹಿಸಿಬಿಡದೆ, ಎದ್ದು ನಿಂತು ವಿನಯದಿಂದ ಪ್ರಶ್ನೆ ಕೇಳಿರಿ. ಪ್ರಭುದೇವರು ಮುಕ್ತಾಯಕ್ಕನವರಿಗೆ ತೋರಿಸಿದ ಗೌರವ ಅದೇ. ಅವರು ಮುಕ್ತಾಯಕ್ಕನವರನ್ನು ಹೊಗಳಿ ಸುಮ್ಮನಾಗಲಿಲ್ಲ. ವಾದಿಸಿದರು, ಉತ್ತರವನ್ನು ಕೇಳಿಸಿಕೊಂಡರು. ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಒಂದು ಸ್ಥಾನವನ್ನು ಶಾಸ್ತ್ರಕ್ಕಾಗಿ ತುಂಬದೆ, ನಿರ್ಣಯಗಳು ಆಗುವ ಸ್ಥಾನಗಳಲ್ಲಿ ತಾಯಂದಿರನ್ನು ಕುಳ್ಳಿರಿಸಿರಿ. ಐದನೆಯ ಸಂಪುಟವನ್ನು ಮಕ್ಕಳ ಕೈಗೆ ಕೊಡಿರಿ. ಗಂಡುಮಕ್ಕಳ ಕೈಗೂ ಕೊಡಿರಿ.

ಈ ಮಾತುಗಳು ಮಠಗಳಿಗೂ ಅನ್ವಯಿಸುತ್ತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೋಧನೆ ಮೊದಲು ಬೋಧಿಸುವವನ ಬಾಗಿಲನ್ನು ತಟ್ಟಬೇಕು. ಮಹಾಮನೆಯ ಅಂಗಳದಲ್ಲಿ ಹೆಚ್ಚಾಗಿ ಆಯ್ದ ಅಕ್ಕಿಯನ್ನು ಹಿಂದಕ್ಕೆ ಸುರಿಯಬೇಕೆಂದು ಲಕ್ಕಮ್ಮನವರು ಹೇಳಿದರು. ಪುರುಷಸಮಾಜವು ಅಧಿಕಾರದ ಅಂಗಳದಲ್ಲಿ ತನ್ನ ಪಾಲಿಗಿಂತ ಹೆಚ್ಚನ್ನು ಬಹುಕಾಲದಿಂದ ಆಯ್ದುಕೊಂಡಿದೆ. ಅದನ್ನು ಹಿಂದಿರುಗಿಸುವುದು ಯಾರಿಗೂ ಮಾಡುವ ಉಪಕಾರವಲ್ಲ; ಅದು ನಮ್ಮ ಕಾಯಕವನ್ನು ಶುದ್ಧಗೊಳಿಸಿಕೊಳ್ಳುವ ಕ್ರಮ. ಮುಂದಿನ ದವನದ ಹುಣ್ಣಿಮೆಯ ವೇಳೆಗೆ ಸ್ತುತಿಯ ಭಾಷಣ ಒಂದು ಕಡಿಮೆಯಾಗಿ, ಶರಣೆಯರ ವಚನಗಳ ಮೇಲಿನ ಚರ್ಚೆ ಒಂದು ಹೆಚ್ಚಾಗಲಿ ಎಂಬುದೇ ನಮ್ಮ ಹಾರೈಕೆ. ಶರಣು ಶರಣಾರ್ಥಿಗಳು.